ಚೆಲುವಿಯ ಬಾನಿಗೆ ಸುರಿದ ಹುರುಳಿಕಟ್ಟು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಒಲೆಯತ್ತ ನೋಡುತ್ತ ಐದು ಜನ ಕಾಯುತ್ತಿದ್ದೆವು: ಅಪ್ಪ, ಅಮ್ಮ, ಅಕ್ಕ, ನಾನು ಮತ್ತು ಚೆಲುವಿ. ಚೆಲುವಿ ನಮ್ಮ ಕುದುರೆ. ಅಪ್ಪ ಅವಳನ್ನು ಜಟಕಾ ಗಾಡಿಗೆ ಕಟ್ಟಿ, ಯಶವಂತಪುರದಲ್ಲಿ ರೈಲು ಇಳಿದವರನ್ನು ಗೊರಗುಂಟೆಪಾಳ್ಯಕ್ಕೋ ಹೆಬ್ಬಾಳಕ್ಕೋ ಮುಟ್ಟಿಸಿ ಬರುತ್ತಿದ್ದರು. ಬೆವರು, ಹುಲ್ಲು, ಹಳೆಯ ಚರ್ಮ ಎಲ್ಲ ಬೆರೆತ ಅವಳ ವಾಸನೆ ನನ್ನ ಲಂಗಕ್ಕೂ ಅಂಟಿಕೊಂಡಿರುತ್ತಿತ್ತು. ಶಾಲೆಯಲ್ಲಿ ಪಕ್ಕದವಳು ಮೂಗು ಮುಚ್ಚಿಕೊಂಡರೆ ನಾನು ಬೇಕೆಂದೇ ಇನ್ನಷ್ಟು ಹತ್ತಿರ ಸರಿದು ಕೂರುತ್ತಿದ್ದೆ.

ಒಮ್ಮೆ ಚೆಲುವಿ ಎರಡು ದಿನ ಸರಿಯಾಗಿ ತಿನ್ನಲೇ ಇಲ್ಲ. ನಾಲ್ಕು ಎಳೆ ಹುಲ್ಲು ಕಚ್ಚುವಳು, ಮೇವಿನ ಬಾನಿಗೆ ಹಾಕಿದ ಹುರುಳಿಯನ್ನು ಮೂಸಿ ನೋಡಿ ಮುಖ ತಿರುಗಿಸುವಳು. ದನದ ಡಾಕ್ಟರು ಬಂದು ಹಲ್ಲು, ಹೊಟ್ಟೆ ಎಲ್ಲ ನೋಡಿ ರೋಗವೇನೂ ಇಲ್ಲ ಎಂದು ಹೇಳಿ ಹೋದರು. ರೋಗವಿಲ್ಲ ಎಂದ ಮೇಲೆ ಅಪ್ಪನ ಸಿಟ್ಟು ನೆತ್ತಿಗೇರಿತು.

"ಕೊಬ್ಬು ಕಣೇ ಇದಕ್ಕೆ," ಎಂದು ಮೂರನೆಯ ದಿನ ಬೆಳಿಗ್ಗೆ ಅಮ್ಮನ ಹತ್ತಿರ ಕೂಗಾಡಿದರು. "ಬ್ಯಾಟರಾಯನಪುರದ ಇಟ್ಟಿಗೆ ಗೂಡಿನೋರು ಕೇಳ್ತಾನೇ ಅವ್ರೆ. ಸಂಜೆ ಕರ್ಕೊಂಡ್ ಬತ್ತೀನಿ. ಒಡ್ಕೊಂಡ್ ಓಗ್ಲಿ."

ಇಟ್ಟಿಗೆ ಗೂಡಿನ ಕುದುರೆಗಳನ್ನು ನಾನು ನೋಡಿದ್ದೆ. ಬೆನ್ನ ಮೇಲೆ ಹುಣ್ಣು, ರೆಪ್ಪೆಯ ಮೇಲೆ ಕೆಂಪು ದೂಳು. ಚೆಲುವಿಯನ್ನು ಅಲ್ಲಿ ನೆನೆಸಿಕೊಂಡೇ ನನಗೆ ಅಳು ಬಂತು. ಅತ್ತರೆ ಯಾರು ಕೇಳುತ್ತಾರೆ? ಅಷ್ಟರಲ್ಲಿ ಅಮ್ಮ ಹುರುಳಿ ಬಸಿಯಲು ಕರೆದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹುರುಳಿ ಬೇಯಿಸಿ ಬಸಿದ ನೀರಿಗೆ ನಮ್ಮಲ್ಲಿ ಕಟ್ಟು ಎನ್ನುತ್ತಾರೆ. ಅದಕ್ಕೆ ಹುಣಸೆಹಣ್ಣು, ಖಾರ, ಬೆಳ್ಳುಳ್ಳಿ ಒಗ್ಗರಣೆ ಬಿದ್ದರೆ ಬೀದಿಯ ಕೊನೆಯವರೆಗೂ ಘಮ್ಮೆನ್ನುವ ಸಾರು. ಕಟ್ಟು ಗಟ್ಟಿಯಾಗಲೆಂದು ಅಮ್ಮ ಕಾಳನ್ನು ಬೇಯಿಸಿದ್ದೇ ಬೇಯಿಸಿದ್ದು. ಕಟ್ಟು ನಮ್ಮ ಸಾರಿಗೆ, ಬಸಿದುಳಿದ ಕಾಳು ಚೆಲುವಿಗೆ. ನಮ್ಮ ಬೀದಿಯ ಜಟಕಾದವರೆಲ್ಲರ ಮನೆಯಲ್ಲೂ ಇದೇ ಪದ್ಧತಿ, ಯಾರಿಗೂ ಇದರಲ್ಲಿ ತಪ್ಪು ಕಂಡಿರಲಿಲ್ಲ. ಅವತ್ತು ಬಸಿಯುವಾಗ ನಾನು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡೆ. ಒದ್ದೆ ಕಾಗದ ಅಗಿದಂತಿತ್ತು. ಇದನ್ನೇ ಅವಳು ಬೆಳಿಗ್ಗೆ ಸಂಜೆ, ವರ್ಷಗಟ್ಟಲೆ ತಿಂದಿದ್ದಳು.

ನಾನು ನೆಟ್ಟಗೆ ಅಪ್ಪನ ಮುಂದೆ ಹೋಗಿ ನಿಂತೆ. "ಅಪ್ಪಾ, ರುಚಿಯೆಲ್ಲ ನಾವ್ ತಿಂದು ಅದಕ್ಕೆ ಬರೀ ಸಪ್ಪೆ ಆಕ್ತಿದ್ದೀವಿ. ಅದಕ್ಕೇ ಅದು ತಿಂತಿಲ್ಲ."

"ಕುದ್ರೆಗೇನೇ ಗೊತ್ತಾಗ್ತೈತೆ ರುಚಿ?" ಎಂದರು ಅಪ್ಪ. "ನಮ್ಮಪ್ಪನ ಕಾಲದಿಂದ್ಲೂ ಇಂಗೇ ಆಕ್ತಿರೋದು. ಓಗು, ಪಾಠ ಓದ್ಕೋ."

ಮಧ್ಯಾಹ್ನ ಅಮ್ಮ ಮುದ್ದೆ ಬಡಿಸಲು ಬಂದಾಗ ನಾನು ತಟ್ಟೆಗೆ ಕೈ ಅಡ್ಡ ಹಿಡಿದೆ. ಚೆಲುವಿಗೆಂದು ಇಟ್ಟಿದ್ದ ಕಾಳನ್ನೇ ತಂದು ತಟ್ಟೆಗೆ ಸುರಿದುಕೊಂಡೆ. "ಅದು ತಿನ್ನೋದನ್ನೇ ನಾನೂ ತಿಂತೀನಿ," ಎಂದೆ. ಅಕ್ಕ ಕಿಸಕ್ಕೆಂದು ನಕ್ಕಳು. ಅಮ್ಮ ತಲೆ ಚಚ್ಚಿಕೊಂಡರು. ಅಪ್ಪ ಮಾತ್ರ, "ತಿನ್ಲಿ ಬಿಡು, ಎಷ್ಟ್ ತಿಂತಾಳೋ ನೋಡಾನ," ಎಂದು ಹೇಳಿ ಊಟ ಮುಂದುವರಿಸಿದರು. ಕಾಳು ಗಂಟಲಲ್ಲಿ ಇಳಿಯುತ್ತಿರಲಿಲ್ಲ, ನೀರು ಕುಡಿದು ನೂಕಿದೆ. ಕಣ್ಣಲ್ಲಿ ನೀರು ಬಂದರೂ ತಟ್ಟೆ ಖಾಲಿ ಮಾಡಿಯೇ ಎದ್ದೆ. ಅಪ್ಪ ನನ್ನ ಖಾಲಿ ತಟ್ಟೆಯನ್ನು ನೋಡಿದರು, ಚಪ್ಪಲಿ ಮೆಟ್ಟಿಕೊಂಡು ಬ್ಯಾಟರಾಯನಪುರದ ಕಡೆ ಹೊರಟುಹೋದರು.

ಇನ್ನು ಸಂಜೆಯವರೆಗೆ ಮಾತ್ರ ಸಮಯ. ನಾನು ಮತ್ತಿಕೆರೆಯ ತೋಟಕ್ಕೆ ಓಡಿದೆ. ಅಲ್ಲಿ ಸಂತೆಗೆ ಕಳಿಸುವ ಕ್ಯಾರೆಟ್ಟನ್ನು ತೊಟ್ಟಿಯಲ್ಲಿ ತೊಳೆದು, ಮುರಿದವನ್ನು ಬದುವಿನ ಮೇಲೆ ಎಸೆಯುತ್ತಿದ್ದರು. ತೋಟದ ಅಜ್ಜಿಯನ್ನು ಕೇಳಿ ಲಂಗದ ತುಂಬ ಆರಿಸಿಕೊಂಡೆ. ಹಸಿ ಮಣ್ಣಿನ ವಾಸನೆ ಹೊಡೆಯುತ್ತಿತ್ತು, ಲಂಗದಿಂದ ನೀರು ಸೋರಿ ಕಾಲೆಲ್ಲ ಕೆಸರು. ಮನೆಗೆ ಬಂದರೆ ಮಧ್ಯಾಹ್ನ ನಕ್ಕಿದ್ದ ಅಕ್ಕನೇ ಈಳಿಗೆಮಣೆ ಹಾಕಿಕೊಂಡು ಕೂತಳು. "ಗುಂಡಗೆ ಎಚ್ಚಿದ್ರೆ ಗಂಟಲಿಗೆ ಸಿಕ್ಕೊಳ್ತೈತೆ," ಎನ್ನುತ್ತ ಎಲ್ಲವನ್ನೂ ಉದ್ದುದ್ದ ಸೀಳಿಕೊಟ್ಟಳು.

ಕ್ಯಾರೆಟ್ಟನ್ನೂ ಚಿಟಿಕೆ ಉಪ್ಪನ್ನೂ ಬಾನಿಯಲ್ಲಿ ಉಳಿದ ಹುರುಳಿಗೆ ಬೆರೆಸಿದೆ. ಆಮೇಲೆ ಅಡುಗೆಮನೆಗೆ ಹೋಗಿ, ರಾತ್ರಿಯ ಸಾರಿಗೆಂದು ಮುಚ್ಚಿಟ್ಟಿದ್ದ ಕಟ್ಟಿನ ಪಾತ್ರೆಯನ್ನು ಎತ್ತಿಕೊಂಡು ಬಂದು ಪೂರ್ತಿ ಬಾನಿಗೆ ಸುರಿದೆ. ಅಕ್ಕನ ಬಾಯಿ ತೆರೆದಿದ್ದು ತೆರೆದಂತೆಯೇ ಉಳಿಯಿತು. "ಅಪ್ಪ ಚರ್ಮ ಸುಲೀತಾರೆ," ಎಂದಳು. ಸುಲಿಯಲಿ ಎಂದುಕೊಂಡೆ. ನನಗೆ ಭಯವಾಗಿತ್ತು, ಸುಳ್ಳು ಹೇಳುವುದಿಲ್ಲ, ಆದರೆ ಭಯಕ್ಕಿಂತ ಸಿಟ್ಟು ಹೆಚ್ಚಿತ್ತು.

ಚೆಲುವಿ ಮೂಸಿದಳು. ಮೂಗಿನ ಹೊಳ್ಳೆ ಅರಳಿತು. ತುಟಿಯ ತುದಿಯಿಂದ ಒಂದು ಕ್ಯಾರೆಟ್ ಎತ್ತಿ ಕರುಂ ಎಂದು ಕಡಿದಳು. ಆಮೇಲೆ ಮುಖವನ್ನೇ ಬಾನಿಯೊಳಗೆ ಇಳಿಸಿ ಸೊರಸೊರ ಶಬ್ದ ಮಾಡುತ್ತ ತಿನ್ನತೊಡಗಿದಳು. ಅದೇ ಹೊತ್ತಿಗೆ ಅಪ್ಪ ಇಟ್ಟಿಗೆ ಗೂಡಿನವನೊಂದಿಗೆ ಅಂಗಳಕ್ಕೆ ಬಂದರು.

ಅಪ್ಪ ಖಾಲಿ ಪಾತ್ರೆ ನೋಡಿದರು, ಬಾನಿ ನೋಡಿದರು, ನನ್ನನ್ನು ನೋಡಿದರು. ನಾನು ಬಾನಿಗೆ ಅಡ್ಡ ನಿಂತೆ. "ಒಡೀರಿ ಬೇಕಾದ್ರೆ. ಅದು ತಿಂತಾ ಐತೆ," ಎಂದೆ. ಅಪ್ಪ ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಸರಿಸಿ, ಬಾನಿಗೆ ಕೈಹಾಕಿ ಕ್ಯಾರೆಟ್ಟನ್ನು ಬೊಗಸೆ ಬೊಗಸೆ ಹೊರಗೆ ತೆಗೆದರು. ಎಲ್ಲ ಮುಗಿಯಿತು ಎಂದುಕೊಂಡು ನಾನು ಜೋರಾಗಿ ಅಳತೊಡಗಿದೆ.

"ಅಳ್ಬೇಡ. ಒಸದನ್ನ ಒಂದೇ ಸಲ ಇಷ್ಟ್ ಆಕಿದ್ರೆ ಒಟ್ಟೆನೋವು ಬಂದು ಸತ್ತೋಗ್ತೈತೆ ಕಣೇ. ಸ್ವಲ್ಪ ಸ್ವಲ್ಪ ರೂಢಿ ಮಾಡ್ಬೇಕು. ಇದು ನಾಳೆಗಿರ್ಲಿ."

"ನಾಳೆಗಾ?" ಎಂದ ಇಟ್ಟಿಗೆ ಗೂಡಿನವನು. "ಮತ್ತೆ ನನ್ನ್ಯಾಕಪ್ಪ ಇಷ್ಟ್ ದೂರ ನಡೆಸ್ಕೊಂಡ್ ಬಂದೆ?"

"ತಪ್ಪಾಯ್ತು ಕಣಣ್ಣ. ಕುದ್ರೆ ಕೊಡಲ್ಲ," ಎಂದರು ಅಪ್ಪ, ಅವನ ಮುಖ ನೋಡದೆ. ಅಮ್ಮ ಕೊಟ್ಟ ಮಜ್ಜಿಗೆ ಕುಡಿದು ಅವನು ಗೊಣಗುತ್ತ ಹೊರಟುಹೋದ.

ಆ ರಾತ್ರಿ ನಾವು ಮುದ್ದೆಯನ್ನು ಈರುಳ್ಳಿ, ಹಸಿಮೆಣಸಿನಕಾಯಿ ನಂಚಿಕೊಂಡು ತಿಂದೆವು. ಅಪ್ಪ ನನ್ನನ್ನು ಹೊಗಳಲಿಲ್ಲ, ತಮ್ಮದು ತಪ್ಪು ಎಂದೂ ಹೇಳಲಿಲ್ಲ. ಆದರೆ ಅಂದಿನಿಂದ ಭಾನುವಾರದ ಕಟ್ಟು ಮಾತ್ರ ನಮಗೆ, ಉಳಿದ ದಿನಗಳದ್ದು ಚೆಲುವಿಗೆ. ಒಂದು ದಿನ ಕ್ಯಾರೆಟ್, ಒಂದು ದಿನ ತುಂಡು ಬೆಲ್ಲ, ಇನ್ನೊಂದು ದಿನ ಜೋಳದ ಎಳೆ ದಂಟು. ಅವಳು ಇನ್ನೂ ಎಷ್ಟೋ ವರ್ಷ ನಮ್ಮ ಗಾಡಿ ಎಳೆದಳು.

ಮಕ್ಕಳೇ, ದೊಡ್ಡವರು ಬಡಿಸಿದ್ದನ್ನು ಬಾಯಿ ಮುಚ್ಚಿಕೊಂಡು ತಿನ್ನಬೇಕು ಎಂದು ನಾನು ಹೇಳುತ್ತೇನೆಂದು ಕಾದಿದ್ದರೆ, ಹೇಳುವುದಿಲ್ಲ. ಈ ಅಮೃತಹಳ್ಳಿಯ ಮನೆಯಲ್ಲಿ ನಿಮಗೆ ಸೋಮವಾರ ಪೂರಿ, ಮಂಗಳವಾರ ನೂಡಲ್ಸ್. ಬೇಸರವಾದರೆ ಫೋನಿನ ಮೇಲೆ ಬೆರಳಾಡಿಸುತ್ತೀರಿ, ಅರ್ಧ ಗಂಟೆಯಲ್ಲಿ ಪಿಜ್ಜಾ ಬಾಗಿಲಿಗೆ ಬರುತ್ತದೆ. ತಿನ್ನಿ, ನನಗೆ ಸಂತೋಷವೇ. ಆದರೆ ಇದೇ ಮನೆಯಲ್ಲಿ ನನಗೆ ದಿನಾ ಬೆಳಿಗ್ಗೆ ಒಂದು ಬಟ್ಟಲು ಉಪ್ಪಿಲ್ಲದ ಓಟ್ಸ್. ಆರೋಗ್ಯಕ್ಕೆ ಒಳ್ಳೆಯದು ಎನ್ನುತ್ತಾಳೆ ನಿಮ್ಮಮ್ಮ. ಓಟ್ಸ್ ಎಂದರೇನು ಗೊತ್ತೇ? ಇಂಗ್ಲಿಷರ ಸೀಮೆಯಲ್ಲಿ ಕುದುರೆಗೆ ಹಾಕುವ ಕಾಳು.

ಚೆಲುವಿಗೆ ಮಾತು ಬರುತ್ತಿರಲಿಲ್ಲ. ನನಗೆ ಚೆನ್ನಾಗಿ ಬರುತ್ತದೆ. ಹೋಗಿ ನಿಮ್ಮಮ್ಮನಿಗೆ ಹೇಳಿ, ನಾಳೆ ಬೆಳಿಗ್ಗೆ ಅಜ್ಜಿಗೆ ದೋಸೆ ಬೇಕಂತೆ, ಬೆಣ್ಣೆ ಹಾಕಿ.