ಮೂಗಿ ಆಳಿನ ಕೆನ್ನೆ

ದೋನ್ಕಾಳಿಗೆ ನಲವತ್ತೊಂದು ಆಟಗಳ ವೇಷದ ಸಂಬಳ ಇವತ್ತಿಗೂ ಬರಬೇಕಿದೆ. ಕೊಟ್ಟದ್ದು ಮಾತು ಎತ್ತಿಕೊಡುವ ಕೆಲಸದ್ದು ಮಾತ್ರ. ತಿಂದ ಏಟಿಗೆ ಯಾರೂ ದರ ಕಟ್ಟಲಿಲ್ಲ.

ದಾನ್ಯೂಬ್ ನದಿಯ ದಂಡೆಯ ನಮ್ಮೂರಿನ ನಾಟಕಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಅವಳು ರಂಗದ ಮುಂದಿನ ಗೂಡಿನಲ್ಲಿ ಕೂತವಳು. ತಲೆ ಮಾತ್ರ ಮೇಲೆ, ಕಣ್ಣೆದುರಿಗೆ ನಟಿಯರ ಪಾದ. ಮಾತು ಮರೆತವರಿಗೆ ಕೇಳಿಸಬೇಕು, ಜನಕ್ಕೆ ಕೇಳಿಸಬಾರದು, ಹಾಗೆ ಪಿಸುಗುಟ್ಟಬೇಕು. ಬ್ರೆಡ್ಡಿಗೆ ಬೆಳಗ್ಗೆ ಒಂದು ಬೆಲೆ, ಸಂಜೆ ಒಂದು ಬೆಲೆ ಇದ್ದ ಆ ಚಳಿಗಾಲದಲ್ಲಿ ನಾಟಕಶಾಲೆಯ ಅರ್ಧ ಜನರನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದರು. ಒಬ್ಬಳಿಂದ ಎರಡು ಕೆಲಸ ತೆಗೆಯುವ ಉಪಾಯ ನಿರ್ದೇಶಕ ಕಾಮೆನ್‌ಗೆ ಆಗ ಹೊಳೆಯಿತು.

ಹೊಸ ನಾಟಕದಲ್ಲಿ ಇಬ್ಬರೇ ಹೆಂಗಸರು: ಜಮೀನಿನ ಒಡತಿ, ಅವಳ ಮೂಗಿ ಆಳು. ಮೂಗಿಯ ವೇಷ ದೋನ್ಕಾಳಿಗೆ. ತಲೆವಸ್ತ್ರವನ್ನು ಬಾಯಿ ಮುಚ್ಚುವ ಹಾಗೆ ಕಟ್ಟಿಕೊಂಡು, ಅಗಲ ತಟ್ಟೆಯ ಮರೆಯಲ್ಲಿ ಪುಸ್ತಕ ಹಿಡಿದು, ಒಡತಿಯ ಪಕ್ಕದಲ್ಲೇ ನಿಂತು ಅವಳಿಗೆ ಮಾತು ಎತ್ತಿಕೊಡುವುದು.

ಒಡತಿ ನೆವ್ಯಾನಾ. ಊರಿನ ಗೋಡೆಗಳ ಮೇಲೆಲ್ಲ ಅವಳದೇ ಮುಖ. ಅರವತ್ತು ದಾಟಿದ ಮೇಲೆ ಅವಳು ಎಷ್ಟು ಮರೆಯುತ್ತಿದ್ದಳು ಎಂಬುದು ದೋನ್ಕಾಳೊಬ್ಬಳಿಗೇ ಗೊತ್ತು.

ಮೂರನೇ ಅಂಕದಲ್ಲಿ ಒಡತಿ ಆಳಿನ ಕೆನ್ನೆಗೆ ಬಾರಿಸುತ್ತಾಳೆ. ರಂಗದ ಮೇಲೆ ಯಾರೂ ನಿಜವಾಗಿ ಹೊಡೆಯುವುದಿಲ್ಲ. ಕೈ ಗಾಳಿಯಲ್ಲಿ ಬೀಸಿ ಹೋಗುತ್ತದೆ, ಹೊಡೆಸಿಕೊಂಡವಳು ಮರೆಯಲ್ಲಿ ತನ್ನ ಅಂಗೈ ತಟ್ಟಿ ಸದ್ದು ಮಾಡುತ್ತಾಳೆ. ದೋನ್ಕಾಳ ಎರಡೂ ಕೈ ತುಂಬಿದ್ದವು.

“ನಿಜವಾಗ್ಲೂ ಹೊಡೀರಿ,” ಅಂದ ಕಾಮೆನ್. “ದೋನ್ಕಕ್ಕ ಏನೂ ಅನ್ನಲ್ಲ. ಮೂಗಿ ಅಲ್ವಾ?”

ಎಲ್ಲರೂ ನಕ್ಕರು. ದೋನ್ಕಾಳೂ ನಕ್ಕಳು. ಪಿಂಚಣಿಗೆ ಇನ್ನೆರಡು ವರ್ಷವಿತ್ತು.

ಹತ್ತನೇ ಆಟದ ಹೊತ್ತಿಗೆ ಎಡಗಿವಿ ಗುಂಯ್‌ಗುಡತೊಡಗಿತು. ನಟಿಯ ಉಸಿರು ಎಲ್ಲಿ ತಡವರಿಸಿತೆಂದು ಕೇಳಿಸದಿದ್ದರೆ ಮಾತು ಎತ್ತಿಕೊಡುವವಳ ಕಸುಬೇ ಮುಗಿಯಿತು. ದೋನ್ಕಾ ನೆವ್ಯಾನಾಳ ಬಣ್ಣದ ಕೋಣೆಗೆ ಹೋಗಿ ನಿಂತಳು.

“ನೆವ್ಯಾನಾ ಅವ್ರೇ, ಸ್ವಲ್ಪ ಕೆಳಗೆ ಹೊಡೀರಿ. ಕಿವಿ ಹೋಗ್ತಾ ಇದೆ.”

“ಕೆಳಗೆ ಹೊಡೆದ್ರೆ ಸದ್ದು ಬರಲ್ಲ ಕಣೇ. ಮೇಲ್ಗಡೆ ಕೂತೋರು ಟಿಕೆಟ್ ತಗೊಂಡಿಲ್ವಾ?”

“ಕಿವಿ ಹೋದ್ರೆ ನಿಮಗೆ ಮಾತು ಕೊಡೋರ್ಯಾರು?”

ನೆವ್ಯಾನಾ ಕನ್ನಡಿಯಿಂದ ಕಣ್ಣು ಕೀಳಲಿಲ್ಲ. “ನನ್ನೇ ಹೆದರಿಸ್ತೀಯಾ? ಕಾಮೆನ್‌ಗೆ ಒಂದು ಮಾತು ಹೇಳಿದ್ರೆ ನಾಳೆನೇ ಬೇರೆಯವಳು ಬರ್ತಾಳೆ.”

“ಬರ್ಲಿ. ನೀವೆಷ್ಟು ಮರೀತೀರಿ ಅಂತ ಅವಳಿಗೂ ಗೊತ್ತಾಗುತ್ತೆ.”

ಆ ಸಂಜೆ ಏಟು ಇನ್ನೂ ಜೋರಾಗಿ ಬಿತ್ತು.

ಇಪ್ಪತ್ತಮೂರನೇ ಆಟ. ಹೊಡೆದ ಮೇಲೆ ಒಡತಿಗೆ ಒಂದೇ ಮಾತು: “ಈಗಲಾದರೂ ಬಾಯಿ ಬಿಡು.” ನೆವ್ಯಾನಾಳ ಉಸಿರು ತಡವರಿಸಿತು. ಮಾತು ದೋನ್ಕಾಳ ನಾಲಗೆಯ ಮೇಲೇ ಇತ್ತು. ಅವಳು ಹಲ್ಲು ಕಚ್ಚಿ ನಿಂತಳು. ಸಭಾಂಗಣದಲ್ಲಿ ಸೂರ್ಯಕಾಂತಿ ಬೀಜ ಕಡಿಯುತ್ತಿದ್ದವರ ಬಾಯಿ ನಿಂತಿತು.

“ಕೊಡೇ,” ಅಂದಳು ನೆವ್ಯಾನಾ ಹಲ್ಲಿನ ಸಂದಿಯಲ್ಲಿ.

ದೋನ್ಕಾ ಅಲ್ಲಾಡಲಿಲ್ಲ. ನೆವ್ಯಾನಾ ಮೇಜಿನ ಅಂಚು ಹಿಡಿದುಕೊಂಡಳು.

“ಕೈ ಮುಗೀತೀನಿ ಕಣೇ.”

ಆಗ ಕೊಟ್ಟಳು. ಕರುಣೆಯಿಂದಲ್ಲ. ಆಟ ಬಿದ್ದರೆ ಇಬ್ಬರೂ ಬೀದಿಗೆ ಬೀಳುತ್ತಿದ್ದರು, ಅಷ್ಟೇ.

ಪರದೆ ಬಿದ್ದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕಾಮೆನ್ ಓಡಿಬಂದು ನೆವ್ಯಾನಾಳ ಕೈಗೆ ಮುತ್ತಿಟ್ಟ. “ಎಂಥಾ ಮೌನ! ಇದನ್ನ ದಿನಾ ಇಟ್ಕೊಳ್ಳೋಣ. ದೋನ್ಕಕ್ಕ, ನೀನು ನಲವತ್ತು ಎಣಿಸಿ ಆಮೇಲೆ ಮಾತು ಕೊಡು.”

ನೆವ್ಯಾನಾ ದೋನ್ಕಾಳ ಮುಖ ನೋಡಿದಳು, ಮತ್ತೆ ಜನಕ್ಕೆ ತಲೆಬಾಗಲು ಪರದೆಯ ಮುಂದೆ ಹೋದಳು.

ದೋನ್ಕಾ ಹೂಡಿದ ಮುಷ್ಕರವೂ ಹೀಗೆ ನಾಟಕದ ಪಾಲಾಯಿತು. ಇನ್ನು ಹದಿನೆಂಟು ಆಟ: ಏಟು ತಿನ್ನುವುದು, ನಲವತ್ತು ಎಣಿಸುವುದು, ಪಿಸುಗುಟ್ಟುವುದು. ಪತ್ರಿಕೆ ನೆವ್ಯಾನಾಳ ಮೌನವನ್ನು ಹೊಗಳಿತು. ಭಿತ್ತಿಪತ್ರದಲ್ಲಿ ಮೂಗಿಯ ಹೆಸರಿರಲಿಲ್ಲ. ಮರುವರ್ಷ ಕಿವಿ ಕೇಳಿಸದವಳು ಈ ಕೆಲಸಕ್ಕೆ ಯಾಕೆಂದು ಅವಳನ್ನು ಕರೆಯಲೇ ಇಲ್ಲ. ಪಿಂಚಣಿಗೆ ಒಂದು ವರ್ಷ ಕಡಿಮೆ ಬಿತ್ತು.

ಅವತ್ತು ಚಪ್ಪಾಳೆ ತಟ್ಟಿದವರಲ್ಲಿ ನೀವೂ ಇದ್ದಿರಿ. ಆ ಸದ್ದು ಅಂಗೈಯದಲ್ಲ, ಕೆನ್ನೆಯದು ಎಂದು ಮುಂದಿನ ಸಾಲಿನವರಿಗೆಲ್ಲ ಗೊತ್ತಿತ್ತು. ನಾಟಕಶಾಲೆಯ ಕಚೇರಿ ಬೆಳಗ್ಗೆ ಹತ್ತಕ್ಕೆ ತೆರೆಯುತ್ತದೆ. ಹೋಗಿ, ದೋನ್ಕಾಳ ಹೆಸರು ಹೇಳಿ, ನಲವತ್ತೊಂದು ಆಟದ ವೇಷದ ಸಂಬಳ ಕೇಳಿ. ಕೊಡುವವರೆಗೆ ಕೌಂಟರ್ ಬಿಟ್ಟು ಕದಲಬೇಡಿ.