ಹಿಂದೀಪಕ್ಕೆ ಕತ್ತರಿಸಿದ ಕಂಬಳಿ

ಇಲ್ಲ, ತೂತು ಎರಡೇ ಇದ್ದಿರಬೇಕು. ಬರೆಯಲು ಕುಳಿತಾಗಲೆಲ್ಲ ಕಂಬಳಿಯಲ್ಲಿ ಮೂರು ಕಾಣುತ್ತವೆ, ಅದಕ್ಕೇ ಈ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಮೋಟಾರುಗಾಡಿಯ ಹಿಂದೀಪಕ್ಕೆ ಇದ್ದುದು ಎರಡೇ ಗಾಜು: ಹಿಂದಕ್ಕೆ ಕೆಂಪು, ನಂಬರು ಹಲಗೆಯ ಕಡೆಗೆ ಬಿಳಿ. ಮೂರನೆಯ ತೂತನ್ನು ನನ್ನ ತಲೆಯೇ ಕತ್ತರಿಸಿರಬಹುದು.

ಹೊಳಲ್ಕೆರೆಯ ಆ ಮನೆಗೆ ನಾನು ಸೊಸೆಯಾಗಿ ಬಂದ ಹೊಸತು. ಮಾವ ತೀರಿಕೊಂಡು ವರ್ಷ ತುಂಬಿರಲಿಲ್ಲ. ನನ್ನ ಗಂಡ ಚಿತ್ರದುರ್ಗದ ವರ್ತಕರೊಬ್ಬರಿಂದ ಹಳೆಯ ಮೋಟಾರು ತಂದು ಕೊಟ್ಟಿಗೆಯಲ್ಲಿ ಎತ್ತುಗಳ ಪಕ್ಕ ನಿಲ್ಲಿಸಿದ್ದರು. ಹಿಂದೀಪ ಸೀಮೆಎಣ್ಣೆಯದು. ಗಾಜಿಗೂ ಹಿತ್ತಾಳೆಯ ಚೌಕಟ್ಟಿಗೂ ನಡುವೆ ಗಾಳಿ ತಡೆಯಲು ಕೂರುವ ಉಣ್ಣೆಬಟ್ಟೆಯ ಬಳೆಗಳು ಸವೆದಿದ್ದವು. ತಾಳ್ಯದ ದಾರಿಯ ಗಾಳಿ ನುಗ್ಗಿ ದೀಪ ಆರುತ್ತಿತ್ತು. ಮೊದಲು ಹೊಸ ಕಂಬಳಿಯ ತುಂಡು ಹಾಕಿ ನೋಡಿದರು. ನೇಯ್ದ ಮೇಲೆ ಕಂಬಳಿಗೆ ಹುಣಸೆಬೀಜದ ಗಂಜಿ ಹಾಕುತ್ತಾರಲ್ಲ, ಒಂದೇ ಮಳೆಗೆ ಅದು ಅಂಟಾಗಿ ಗಾಜಿನ ಮೇಲೆ ಇಳಿಯಿತು. ಗಂಜಿ ಬಿಟ್ಟು ಮೆತ್ತಗಾದ ಹಳೆಯದೇ ಬೇಕೆಂದು ಪೆಟ್ಟಿಗೆ ತೆರೆದರು.

ಕೈಗೆ ಸಿಕ್ಕಿದ್ದು ಮಾವನ ಗದ್ದಿಗೆಯ ಕಂಬಳಿ. ಅಮಾವಾಸ್ಯೆ ಬಂದರೆ ಅತ್ತೆ ಅದನ್ನು ಕಂಬದ ಬಳಿ ಹಾಸಿ, ಎಲೆಅಡಿಕೆಯ ತಟ್ಟೆ ಇಟ್ಟು, ಎದುರು ಕುಳಿತು ಮನೆಯ ಸುದ್ದಿಯನ್ನೆಲ್ಲ ಹೇಳುತ್ತಿದ್ದರು. ಗಂಡನ ಜೊತೆ ಅವರಿಗೆ ಉಳಿದಿದ್ದ ಮಾತುಕತೆ ಅಷ್ಟೇ. ಆ ಹೊತ್ತಿಗೆ ಗಂಡಸರು ಹೊಲದಲ್ಲಿರುತ್ತಿದ್ದರು. ಮಗನಿಗೆ ಪೆಟ್ಟಿಗೆಯ ಕರಿಕಂಬಳಿಗಳೆಲ್ಲ ಒಂದೇ; ಅದರಿಂದಲೇ ಎರಡು ಬಳೆ ಕತ್ತರಿಸಿ ದೀಪಕ್ಕೆ ಹಾಕಿದರು.

ಮುಂದಿನ ಅಮಾವಾಸ್ಯೆ ಅತ್ತೆ ಕಂಬಳಿ ಬಿಡಿಸಿದಾಗ ಅವರ ಕೈ ತೂತಿನಿಂದ ಆಚೆ ಹೊರಟಿತು. ಹೊಲದಿಂದ ಮಗನನ್ನು ಕರೆಸಿದರು.

"ನಿನ್ನ ಗಾಡಿಗೆ ಹಿಂದ್ಲ ಕಣ್ಣು ಬೇಕಂತ ನಿಮ್ಮಪ್ಪ ಕುಂತ್ಕಳೋ ಜಾಗ ಕತ್ತರಿಸಿದ್ಯೇನಪ್ಪ?"

"ಗೊತ್ತಾಗ್ಲಿಲ್ಲ ಕಣವ್ವ. ಹಿರೇಗುಂಟನೂರು ಕುರಿಯೋರ ಹತ್ರ ಹೊಸಾದು ತರ್ತೀನಿ."

"ಹೊಸಾದು ನೀನು ಹೊದ್ಕ. ಅವ್ರಿಗೆ ಗುರುತು ಸಿಗಾದಿಲ್ಲ." ಆಮೇಲೆ ನನ್ನತ್ತ ತಿರುಗಿದರು. "ಲೇ ಹುಡ್ಗಿ, ತಟ್ಟೆ ಕೊಟ್ಟಿಗೆಗೆ ತಗಂಬಾ."

ಹಾಡಹಗಲು. ದೀಪ ಹಚ್ಚಿರಲಿಲ್ಲ. ಅತ್ತೆ ಮೋಟಾರಿನ ಹಿಂದೆ ನೆಲದ ಮೇಲೆ ಕುಳಿತು, ಆ ಕೆಂಪು ಗಾಜಿಗೆ, ಹಸು ಈದದ್ದನ್ನೂ ಹೊಸದುರ್ಗದ ಸಂಬಂಧ ಮುರಿದದ್ದನ್ನೂ ಹೇಳತೊಡಗಿದರು. ಯಾರು ಬಂದರೂ ತಿರುಗಿ ನೋಡುವ ಎತ್ತುಗಳು ಗೋಡೆಗೆ ಮುಖ ಹಾಕಿ ನಿಂತಿದ್ದವು. ತಟ್ಟೆ ಹಿಡಿದು ಪಕ್ಕದಲ್ಲಿ ನಿಂತ ನನಗೆ ಒಳಗಿನ ಹಿಂದಿನ ಸೀಟು ಕಾಣುತ್ತಿತ್ತು. ಒತ್ತಿಹೋಗಿದ್ದ ಅದರ ಚರ್ಮ ನಿಧಾನವಾಗಿ ಮೇಲೇರಿತು. ಮೋಟಾರು ಹಿರಿಯೂರಿಗೆ ಹೋಗಿ ಬಂದ ಮೇಲೆ ಅಲ್ಲಿ ಯಾರೂ ಕೂತಿರಲಿಲ್ಲ. ಹಾಗೆಂದು ಈಗ ಬರೆಯುತ್ತಿದ್ದೇನೆ. ಕೂತಿರಲಿಲ್ಲವೆಂದು ನಾನೇನು ಕಾವಲಿದ್ದೆನೇ?

"ನಿಮ್ಮಪ್ಪ ಎದ್ರು," ಎಂದರು ಅತ್ತೆ. ಅವರು ಕುಳಿತಲ್ಲಿಂದ ಸೀಟು ಕಾಣುತ್ತಿರಲಿಲ್ಲ.

"ಎಲ್ಲಿಗಂತೆ ಸವಾರಿ?" ನನ್ನ ಗಂಡ ನಗಿಸಲು ನೋಡಿದರು.

"ಜಾಗ ಹುಡುಕಾಕೆ. ಬಿಚ್ಚು ಆ ದೀಪಾನ."

ಬಿಳಿ ಗಾಜಿನ ಬಳೆ ಇಡಿಯಾಗಿ ಬಂತು. ಕೆಂಪಿನದು ಬಿಸಿಗೆ ಸುಟ್ಟು ಅಂಗೈಯಲ್ಲಿ ಪುಡಿಯಾಯಿತು. ಇಡಿಯಾಗಿದ್ದುದನ್ನು ಅತ್ತೆ ಉಣ್ಣೆಯ ದಾರದಿಂದ ಅದರ ಜಾಗಕ್ಕೆ ಹೊಲಿದರು. ಇನ್ನೊಂದು ತೂತಿಗೆ ಬೇರೆ ತೇಪೆ ಹಾಕಲು ಅವರು ಒಪ್ಪಲಿಲ್ಲ. ದೀಪಕ್ಕೆ ಎತ್ತಿನ ಕೊರಳಪಟ್ಟಿಯ ಚರ್ಮ ಬಂತು; ಅದು ಚೆನ್ನಾಗಿಯೇ ಕೂತಿತು.

ಮತ್ತೊಂದು ಅಮಾವಾಸ್ಯೆ. ಅತ್ತೆ ಕಂಬಳಿ ಹಾಸಿ ಎದುರು ಕುಳಿತರು. ಸುದ್ದಿ ಹೇಳಲಿಲ್ಲ. ತಟ್ಟೆಯನ್ನು ಒಂದಿಷ್ಟು ಎಡಕ್ಕೆ ಸರಿಸಿದರು. ಕಿವಿಗೊಟ್ಟವರಂತೆ ಬಾಗಿ, ಹಾಗೇ ಎದ್ದರು.

"ಬಂದ್ರಾ ಅತ್ತೆ?"

"ಮಡಚಾಕೆ ಆ ತುದಿ ಹಿಡ್ಕ."

ಹಿಡಿದೆ. ನನ್ನ ಕಡೆಯ ತುದಿ ಬೆಚ್ಚಗಿತ್ತು. ಕಂಬದ ಬಳಿ ಆ ಹೊತ್ತಿಗೆ ಬಿಸಿಲು ಬೀಳುತ್ತಿತ್ತೇ ಎಂಬುದು ನೆನಪಿಲ್ಲ.

ಆಮೇಲೆ ಅವರು ಅದನ್ನು ಹಾಸಲೇ ಇಲ್ಲ. ಮಾವ ಬಂದಾಯಿತು, ಇನ್ನು ಕರೆಯಬೇಕಿಲ್ಲ ಎಂದೋ, ಇನ್ನು ಬರುವುದಿಲ್ಲ ಎಂದೋ, ಅತ್ತೆ ಹೇಳಲಿಲ್ಲ. ನನಗೆ ಗೊತ್ತಿಲ್ಲ.