ಸಿಲಿಂಡರಿಗೆ ಮಂಗಳಾರತಿ

ಆರತಿಯನ್ನು ಬಾಯಿಂದ ಊದಿ ಆರಿಸಿದ ಮನುಷ್ಯನನ್ನು ನೀವು ನೋಡಿದ್ದೀರಾ? ಇಲ್ಲವಾದರೆ ಈ ಅಂಕಣದ ಮೇಲಿರುವ ಫೋಟೋ ನೋಡಿ.

ಹೋದ ಶುಕ್ರವಾರ ಕಲ್ಯಾಣದುರ್ಗದ ನನ್ನಕ್ಕನ ಮನೆಗೆ ಹೊಸ ಗ್ಯಾಸ್ ಕನೆಕ್ಷನ್ ಬಂತು. ನಮ್ಮ ಕಡೆ ಬೋರ್‌ವೆಲ್ ಮೋಟರ್ ಬರಲಿ, ಫ್ರಿಜ್ ಬರಲಿ, ಮೊದಲು ಪೂಜೆ. ಸಿಲಿಂಡರಿಗೆ ಅರಿಶಿನ, ಕುಂಕುಮ, ಕನಕಾಂಬರದ ಹಾರ ಎಲ್ಲ ಆಗಿತ್ತು. (ನನ್ನ ಮದುವೆಯಲ್ಲಿ ನನಗೂ ಅಷ್ಟು ಅಲಂಕಾರ ಇರಲಿಲ್ಲ.)

ಹಿಂದೂಪುರದಿಂದ ಹೋದ ನನಗೆ ಬಾಗಿಲಲ್ಲೇ ವಾಸನೆ ಬಡಿಯಿತು. ರೆಗ್ಯುಲೇಟರ್ ಸರಿಯಾಗಿ ಕೂತಿರಲಿಲ್ಲ. ಅಕ್ಕ ಉರಿಯುವ ಕರ್ಪೂರದ ತಟ್ಟೆ ಹಿಡಿದು ಅಡುಗೆಮನೆಯತ್ತ ಹೊರಟಿದ್ದಳು.

ಓಡಿಹೋಗಿ ಉಫ್ ಎಂದು ಊದಿಬಿಟ್ಟೆ. ಬೀದಿಯ ಹೆಂಗಸರೆಲ್ಲ ನೋಡುತ್ತಿದ್ದರು.

"ಲಕ್ಷ್ಮಿ ಒಳಗೆ ಬರೋ ಹೊತ್ನಾಗೆ ಆರತಿ ಊದ್ಬುಟ್ಯಲ್ಲಪ್ಪ" ಎಂದಳು ಅಕ್ಕ.

ರೆಗ್ಯುಲೇಟರ್ ಮುಚ್ಚಿ, ಕಿಟಕಿ ತೆರೆದು ಸುಮ್ಮನಿರಬೇಕಿತ್ತು. ಆದರೆ ನಾನು ರಿಟೈರ್ಡ್ ಕೆಮಿಸ್ಟ್ರಿ ಲೆಕ್ಚರರ್. ಅಲ್ಲೇ ಪಾಠ ಶುರು ಮಾಡಿದೆ. ಸ್ಫೋಟದಲ್ಲಿ ಎರಡು ಬಗೆ ಅಕ್ಕಾ. ಒಳಗೆ ಹುಟ್ಟುವ ಶಾಖ ಹೊರಗೆ ಹೋಗಲಾಗದೆ ಏರುತ್ತಾ ಏರುತ್ತಾ ಢಮಾರ್ ಅಂದರೆ ಥರ್ಮಲ್. ಒಂದು ಚುರುಕು ಕಣ ಎರಡನ್ನು ಹುಟ್ಟಿಸಿ, ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ ಸಿಡಿದರೆ ಚೈನ್.

ಗ್ಯಾಸ್ ಸಿಡಿಯಲಿಲ್ಲ. ಉಳಿದದ್ದೆಲ್ಲ ಸಿಡಿಯಿತು.

ಅಕ್ಕ ಥರ್ಮಲ್. ಬಾಯಿ ಬಿಡದೆ ಒಳಗೇ ಕುದಿಯುತ್ತಾಳೆ. ಅವಳ ನಾದಿನಿ ಚೈನ್. ಇಬ್ಬರಿಗೆ ಫೋನ್ ಮಾಡಿದಳು, ಅವರು ತಲಾ ಇಬ್ಬರಿಗೆ ಮಾಡಿದರು. ನನ್ನ ಬಸ್ಸು ಹಿಂದೂಪುರ ಮುಟ್ಟುವಷ್ಟರಲ್ಲಿ ನಾನು ಆರತಿ ತಟ್ಟೆಯನ್ನೇ ಬೀದಿಗೆ ಎಸೆದೆನೆಂದು ನನ್ನ ಹೆಂಡತಿಗೆ ಸುದ್ದಿ ಬಂದಿತ್ತು.

ಚುರುಕು ಕಣ ಗೋಡೆಗೆ ಬಡಿದರೆ ಚೈನ್ ಅಲ್ಲಿಗೇ ಸಾಯುತ್ತದೆ. ನಮ್ಮ ಭಾವ ಅಂಥ ಗೋಡೆ. ಯಾವ ಮಾತೂ ಅವರನ್ನು ದಾಟುವುದಿಲ್ಲ. (ಅದಕ್ಕೇ ಅವರಿಗೆ ಯಾರೂ ಏನೂ ಹೇಳುವುದಿಲ್ಲ.)

ಅಕ್ಕ ನನ್ನ ಫೋನ್ ಎತ್ತುವುದನ್ನೇ ಬಿಟ್ಟಳು. ನನಗಿರುವುದು ಒಬ್ಬಳೇ ಅಕ್ಕ. ಊಟ ಸೇರಲಿಲ್ಲ. ಕೊನೆಗೆ ಭಾವನಿಗೇ ಫೋನ್ ಮಾಡಿ, ಅಕ್ಕನಿಗೆ ಇನ್ನೂ ಕೋಪವೇ ಎಂದು ಕೇಳಿದೆ.

"ಕೋಪ ಐತೆ. ಅದಕ್ಕಿಂತ ಭಯ ಜಾಸ್ತಿ ಕಣಪ್ಪ. ಸಿಲಿಂಡರ್ ತಗೊಂಡೋಗಿ ಬೇವಿನ ಮರದ ಕೆಳಗೆ ಇಕ್ಕವ್ಳೆ. ಸೌದೆ ಒಲೇಲೇ ಅಡುಗೆ. ಏಂ ಚೇಸ್ತಾಂ, ಏನ್ ಮಾಡಾನ, ನಿನ್ ಪಾಠ ನಂಬ್ಬುಟ್ಟವ್ಳೆ."

ಕಾಲೇಜಿನಲ್ಲಿ ಗಂಟಲು ಹರಿಯುವಂತೆ ಇದೇ ಪಾಠ ಮಾಡಿದಾಗ ಒಬ್ಬರೂ ತಲೆ ಎತ್ತಿ ನೋಡಿದವರಲ್ಲ. ಈಗ ಅಕ್ಷರಶಃ ನಂಬಿದ ಒಬ್ಬಳೇ ಒಬ್ಬ ವಿದ್ಯಾರ್ಥಿನಿ ಸಿಕ್ಕಿದ್ದಾಳೆ, ಅವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ.